ಫ್ರೇಮಿನಲ್ಲಿ ಬಿರುಕು ಕಂಡರೆ: ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ

ಸೈಕಲ್ ಫ್ರೇಮಿನಲ್ಲಿ ಒಂದು ಸಣ್ಣ ಗೆರೆ ಕಂಡರೆ ಸಾಕು, ವಿಜಯಪುರದಲ್ಲಿ ಹತ್ತು ಜನ ಹೇಳೋದು ಒಂದೇ ಮಾತು: "ವೆಲ್ಡಿಂಗ್ ಹಚ್ಚಿಸ್ರಿ, ಮುಗೀತು." ಹಳೇ ಕಬ್ಬಿಣದ ಕರಿ ಸೈಕಲ್ಲಿಗೆ ಈ ಮಾತು ಸರಿ. ವಾರಂಟಿ ಇನ್ನೂ ಇರುವ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಸೈಕಲ್ಲಿಗೆ ಇದೇ ಮಾತು ಕೇಳಿದರೆ ಎರಡು ಕಡೆ ನಷ್ಟ. ಹಚ್ಚಿದ ವೆಲ್ಡಿಂಗ್ ನಿಲ್ಲೋದಿಲ್ಲ, ವಾರಂಟಿಯೂ ಅಲ್ಲಿಗೇ ಹೋಗುತ್ತದೆ.

ನಮ್ಮ ಕಡೆ, ಬಾಗಲಕೋಟೆ ಕಡೆ ಹುಡುಗ ಹುಡುಗಿಯರು ಸೈಕಲ್ ತುಳಿದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಇವರಲ್ಲಿ ಎಷ್ಟೋ ಜನ ರೈತರ ಮಕ್ಕಳು. ಅಂಥ ಮನೆಯಲ್ಲಿ ಒಂದು ಒಳ್ಳೆ ಸೈಕಲ್ ಬರಬೇಕಾದರೆ ಒಂದು ಬೆಳೆಯ ದುಡ್ಡು ಹೋಗಿರುತ್ತದೆ. ಫ್ರೇಮ್ ಸೀಳಿದ ದಿನ ಸರಿಯಾದ ದಾರಿ ಹೇಳುವವರು ಸಿಗದೆ ಆ ದುಡ್ಡು ನೀರುಪಾಲಾಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳೋದರ ತಿರುಳು ಇಷ್ಟು. ಬಿರುಕು ಎಲ್ಲಿದೆ, ಯಾಕೆ ಬಂತು ಅನ್ನೋದನ್ನು ಕಂಪನಿಯವರಿಗಿಂತ ಮುಂಚೆ ನೀವು ತಿಳಿದುಕೊಂಡಿರಬೇಕು. ಅದನ್ನು ತೋರಿಸಿ ಉತ್ತರ ಬರುವವರೆಗೆ ಫ್ರೇಮಿಗೆ ಎಮರಿ ಪೇಪರ್ ಕೂಡ ತಾಗಬಾರದು.

ಮೊದಲು ಓಡಿಸೋದು ನಿಲ್ಲಿಸಿ

"ಸಣ್ಣ ಗೆರೆ ಅಲ್ವಾ, ಇನ್ನೊಂದು ವಾರ ನಡೀತದೆ" ಅನ್ನಬೇಡಿ. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನಿಂದ ಪೆಡಲ್ ಕಡೆ ಇಳಿಯುವ ಡೌನ್ ಟ್ಯೂಬಿನಲ್ಲಿ ಬಿರುಕಿದ್ದರಂತೂ ಮನೆಗೂ ತುಳಿದುಕೊಂಡು ಬರಬೇಡಿ, ದೂಡಿಕೊಂಡು ಬನ್ನಿ. ಅದು ಮುರಿದರೆ ಹ್ಯಾಂಡಲ್ ಸಮೇತ ಮುಂದಿನ ಚಕ್ರ ಬೇರೆಯಾಗುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ಪಕ್ಕ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳ ಪಕ್ಕ ಹಾಗಾದರೆ ಏನಾಗಬಹುದು ಅನ್ನೋದು ನಿಮಗೇ ಗೊತ್ತು. ಇನ್ನೊಂದು ಕಾರಣವೂ ಇದೆ. ಬಿರುಕು ಗೊತ್ತಾದ ಮೇಲೂ ಓಡಿಸಿ ಅದು ದೊಡ್ಡದಾದರೆ ಕಂಪನಿಗೆ ಬೇಡ ಅನ್ನಲು ಒಂದು ನೆಪ ಸಿಗುತ್ತದೆ.

ಸದ್ದು ಮಾತ್ರ ಬರುತ್ತಿದೆಯಾ?

ಬಹಳ ಸಲ ಬಿರುಕು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ. ತುಳಿದಾಗ ಕಟ್ ಕಟ್, ಕಿರ್ ಕಿರ್ ಅನ್ನುತ್ತದೆ. ಆದರೆ ಇಂಥ ಸದ್ದಿಗೆ ಫ್ರೇಮೇ ಕಾರಣವಾಗುವುದು ಕಡಿಮೆ. ಸೀಟು, ಪೆಡಲ್, ಬಿಬಿ (ಪೆಡಲ್ ಅಚ್ಚು ತಿರುಗುವ ಬೇರಿಂಗ್, ಬಾಟಮ್ ಬ್ರಾಕೆಟ್), ಚಕ್ರ ಬಿಗಿಯುವ ಕ್ವಿಕ್ ರಿಲೀಸ್ ಹಿಡಿ, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಎಲ್ಲವೂ ಹೀಗೆ ಅರಚುತ್ತವೆ. ಅಲಾಯ್ ಪೈಪು ಒಳಗೆ ಪೊಳ್ಳು, ಸದ್ದನ್ನು ಎಲ್ಲಿಂದ ಎಲ್ಲಿಗೋ ಸಾಗಿಸುತ್ತದೆ. ಸೀಟಿನ ಸದ್ದು ಪೆಡಲ್ ಹತ್ತಿರ ಕೇಳಿಸುತ್ತದೆ. ಅದಕ್ಕೆ ಕಿವಿಯೊಂದನ್ನೇ ನಂಬಬೇಡಿ, ಒಂದೊಂದಾಗಿ ತೆಗೆದು ಹಾಕುತ್ತಾ ಬನ್ನಿ. ಈ ಪರೀಕ್ಷೆ ಮಾಡೋದು ಕಣ್ಣಿಗೆ ಯಾವ ಗೆರೆಯೂ ಕಾಣದಿದ್ದರೆ ಮಾತ್ರ, ಅದೂ ಖಾಲಿ ಜಾಗದಲ್ಲಿ, ನಿಧಾನಕ್ಕೆ.

ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಕಾರಣ ಸೀಟು, ಸೀಟನ್ನು ಹೊತ್ತ ಕಂಬಿ (ಸೀಟ್ ಪೋಸ್ಟ್) ಅಥವಾ ಆ ಭಾಗದ ಫ್ರೇಮು. ಕೂತರೂ ನಿಂತರೂ ಬರುತ್ತದೆ, ತುಳಿಯೋದು ಬಿಟ್ಟಾಗ ಮಾತ್ರ ನಿಲ್ಲುತ್ತದೆ ಅಂದರೆ ಪೆಡಲ್, ಪೆಡಲ್ ಕೂರುವ ಕ್ರ್ಯಾಂಕ್, ಬಿಬಿ ಕಡೆ ನೋಡಿ. ತುಳಿಯದೆ ಸುಮ್ನೆ ಉರುಳಿಸಿದಾಗಲೂ ಬಂದರೆ ಚಕ್ರ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿದಾಗ ಬಂದರೆ ಹೆಡ್‌ಸೆಟ್.

ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಬಿಗಿಯಿರಿ. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ ಅನ್ನೋದು ನೆನಪಿರಲಿ. ಸೀಟ್ ಪೋಸ್ಟ್ ಹೊರಗೆ ಎಳೆದು ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಾಕಿ. ಕಾರ್ಬನ್ ಫ್ರೇಮ್ ಅಥವಾ ಕಾರ್ಬನ್ ಪೋಸ್ಟ್ ಆದರೆ ಗ್ರೀಸ್ ಬೇಡ, ಅದಕ್ಕೆ ಬೇರೆ ಪೇಸ್ಟ್ ಬರುತ್ತದೆ. ನಮ್ಮ ಕಡೆ ಬೇಸಿಗೆಯ ಧೂಳು ಸೀಟ್ ಪೋಸ್ಟಿನ ಸಂದಿಗೆ ಇಳಿಯುತ್ತದೆ, ಬರೀ ಒರೆಸಿದ್ದಕ್ಕೇ ಸದ್ದು ಹೋದದ್ದೂ ಉಂಟು. ಇಷ್ಟಾದರೂ ಹೋಗಲಿಲ್ಲ ಅಂದರೆ ಫ್ರೇಮ್ ನೋಡುವ ಸಮಯ ಬಂತು.

ಬಣ್ಣದ ಗೆರೆಯೋ, ಲೋಹದ ಬಿರುಕೋ

ಸೈಕಲ್ ತಲೆಕೆಳಗು ಮಾಡಿ ಸೋಪು ನೀರಿನಿಂದ ತೊಳೆಯಿರಿ, ಒಣಗಲು ಬಿಡಿ. ಆಮೇಲೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪೈಪಿಗೆ ಒರಗಿಸಿ ಹಿಡಿಯಿರಿ. ಬೆಳಕು ನೇರವಾಗಿ ಬಿದ್ದರೆ ಏನೂ ಕಾಣೋದಿಲ್ಲ, ಅಡ್ಡ ಬಿದ್ದರೆ ಸಣ್ಣ ಗೆರೆಗೂ ನೆರಳು ಬರುತ್ತದೆ. ನೋಡಬೇಕಾದ ಜಾಗ ಅಂದರೆ ಬೆಸುಗೆಯ ಅಂಚುಗಳು. ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವ ಕೆಳಭಾಗ, ಬಿಬಿ ಗೂಡಿನ ಸುತ್ತ, ಬಿಬಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್ ಕಡೆಯ ಪೈಪು (ಚೈನ್‌ಸ್ಟೇ), ಸೀಟ್ ಪೋಸ್ಟ್ ಇಳಿಯುವ ಸೀಟ್ ಟ್ಯೂಬಿಗೆ ಮೇಲಿನ ಪೈಪು ಸೇರುವ ಕಡೆ, ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್, ಬಾಟಲಿ ಸ್ಟ್ಯಾಂಡಿನ, ಕ್ಯಾರಿಯರಿನ ಸ್ಕ್ರೂ ತೂತುಗಳು. ಸೀಟ್ ಕ್ಲಾಂಪಿನ ಕೆಳಗಿನ ಸೀಳುಗಂಡಿಯ ತುದಿಯನ್ನೂ ಮರೆಯಬೇಡಿ.

ಗೆರೆ ಸಿಕ್ಕಿದ ಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒಂದು ಸಲ ಒರೆಸಿ ಕಣ್ಣು ಕೀಳದೆ ನೋಡಿ. ಸುತ್ತಲಿನ ಜಾಗ ಕೂಡಲೇ ಆರುತ್ತದೆ. ಬಿರುಕಿದ್ದರೆ ಒಳಗೆ ಇಳಿದ ಸ್ಪಿರಿಟ್ ಸ್ವಲ್ಪ ಹೊತ್ತು ಒದ್ದೆ ಗೆರೆಯಾಗಿ ಉಳಿಯುತ್ತದೆ. ಬಣ್ಣ ಮಾತ್ರ ಬಿರಿದಿದ್ದರೂ ಒಮ್ಮೊಮ್ಮೆ ಹೀಗೆ ಆಗಬಹುದು, ಆದ್ದರಿಂದ ಇದೊಂದೇ ಸಾಕ್ಷಿ ಸಾಲದು. ಕಬ್ಬಿಣದ ಫ್ರೇಮಿನಲ್ಲಿ ಗೆರೆಯ ಉದ್ದಕ್ಕೂ ಕೆಂಪು ತುಕ್ಕು ಒಸರಿದ್ದರೆ ಬಣ್ಣದ ಕೆಳಗೆ ಲೋಹವೇ ತೆರೆದುಕೊಂಡಿದೆ ಅಂತ ಗೊತ್ತಾಗುತ್ತದೆ. ಅಲಾಯ್‌ನಲ್ಲಿ ಕೆಂಪು ತುಕ್ಕು ಬರೋದಿಲ್ಲ. ಅಲ್ಲಿ ಒರೆಸಿದಷ್ಟೂ ಮತ್ತೆ ಬರುವ ಕಪ್ಪು ಗೆರೆ ನೋಡಿ. ಗೆರೆಯ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ಫೋಟೋ ತೆಗೆದಿಡಿ.

ಯಂತ್ರದ ಅಂಗಡಿಗಳಲ್ಲಿ ಡೈ ಪೆನೆಟ್ರೆಂಟ್ ಅಂತ ಕೆಂಪು ದ್ರವ ಹಾಕಿ, ಆಮೇಲೆ ಬಿಳಿ ಪುಡಿ ಸಿಂಪಡಿಸಿ ಬಿರುಕು ತೋರಿಸುವ ಪರೀಕ್ಷೆ ಇದೆ. ಒಳ್ಳೆಯ ಪರೀಕ್ಷೆಯೇ. ಆದರೆ ಸರಿಯಾಗಿ ಮಾಡಲು ಬಣ್ಣ ತೆಗೆಯಬೇಕು. ವಾರಂಟಿ ಕೇಳುವವರು ಅದನ್ನು ಮಾಡಿಸಬಾರದು, ಆ ಕೆಲಸ ಕಂಪನಿಗೇ ಬಿಡಿ.

ಕಾರ್ಬನ್ ಫ್ರೇಮಿನ ಪರೀಕ್ಷೆ ಬೇರೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಗಟ್ಟಿ ಸದ್ದು ಒಂದೇ ಜಾಗದಲ್ಲಿ ಮಂಕಾದರೆ ಒಳಗಿನ ಪದರ ಬಿಟ್ಟಿರಬಹುದು. ಹತ್ತಿ ಸವರಿದಾಗ ನೂಲು ಸಿಕ್ಕಿಕೊಂಡರೆ ಎಳೆ ಮುರಿದಿದೆ. ಇದಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿ ನೋಡಲು ಆಗುವುದಿಲ್ಲ.

ಗೆರೆಯ ಜಾಗ ಏನು ಹೇಳುತ್ತದೆ

ಅಲಾಯ್‌ಗೂ ಉಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಭಾರ ಎಷ್ಟು ಸಲ ಬಿದ್ದರೂ ದಣಿವಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಭಾರವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲ, ಅದೇ ಥರ. ಅದಕ್ಕೇ ಕಂಪನಿಗಳು ಅಲಾಯ್ ಪೈಪನ್ನು ದಪ್ಪ ಮಾಡಿ, ದುಂಡಗೆ ಉಬ್ಬಿಸಿ, ಬಾಗುವುದನ್ನು ಕಡಿಮೆ ಮಾಡುತ್ತವೆ. ಸೈಕಲ್ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 4210ರ ಪ್ರಕಾರ ಫ್ರೇಮನ್ನು ಯಂತ್ರಕ್ಕೆ ಕಟ್ಟಿ ಪೆಡಲ್ ಮೇಲೆ 1 ಲಕ್ಷ ಸಲ ಭಾರ ಹಾಕಿ ನೋಡುತ್ತಾರೆ. ಬೆಸುಗೆಯಲ್ಲಿ ಗಾಳಿಗುಳ್ಳೆ ಉಳಿದಿದ್ದರೆ, ಅಂಚು ಸರಿಯಾಗಿ ಕೂಡಿರದಿದ್ದರೆ ದಣಿವು ಅಲ್ಲಿಂದಲೇ ಶುರುವಾಗುತ್ತದೆ. ಬೆಸುಗೆಯ ಅಂಚಿಗೆ ಅಂಟಿಕೊಂಡೇ ಸಾಗುವ, ಸುತ್ತ ತಗ್ಗು ಉಬ್ಬು ಏನೂ ಇಲ್ಲದ ಬಿರುಕು ಅಂದರೆ ವಾರಂಟಿಯ ಬಲವಾದ ಪ್ರಕರಣ.

ಹೆಡ್ ಟ್ಯೂಬಿನ ಹಿಂದೆ, ಡೌನ್ ಟ್ಯೂಬಿನ ಕೆಳಗೆ ಪೈಪು ಸುಕ್ಕಾಗಿದ್ದರೆ, ಕೈ ಸವರಿದಾಗ ಉಬ್ಬು ಸಿಕ್ಕರೆ, ಅದು ಎದುರಿನಿಂದ ಹೊಡೆತ ಬಿದ್ದ ಗುರುತು. ಮುಂದಿನ ಚಕ್ರ ಹಿಡಿದ ಫೋರ್ಕೂ ಹಿಂದಕ್ಕೆ ಬಾಗಿರಬಹುದು. ಅಪಘಾತವನ್ನು ವಾರಂಟಿ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಇದನ್ನು ಮುಚ್ಚಿಟ್ಟು ಕೇಳಬೇಡಿ, ನೋಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಡ್ರಾಪ್‌ಔಟ್ ಹತ್ತಿರ ಮುರಿದಿದ್ದರೆ ಮುರಿದದ್ದು ಫ್ರೇಮೋ, ಗೇರ್ ಬದಲಿಸುವ ಡಿರೇಲರ್ ತೂಗುವ ಹ್ಯಾಂಗರೋ ಅಂತ ಸರಿಯಾಗಿ ನೋಡಿ. ಹ್ಯಾಂಗರನ್ನು ಅಲಾಯ್ ಫ್ರೇಮಿಗೆ ಸಾಮಾನ್ಯವಾಗಿ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸೈಕಲ್ ಬಿದ್ದಾಗ ಫ್ರೇಮ್ ಉಳಿಯಲಿ ಅಂತಲೇ ಅದು ಮೊದಲು ಮುರಿಯುವಂತೆ ಮಾಡಿರುತ್ತಾರೆ. ಹೊಸ ಹ್ಯಾಂಗರ್ ಹಾಕಿದರೆ ಕೆಲಸ ಮುಗಿಯಿತು.

ಕ್ಯಾರಿಯರ್ ಸ್ಕ್ರೂ ಇರುವ ಕಡೆ ಬಿರುಕು ಬಂದರೆ ಭಾರದ ಪ್ರಶ್ನೆ ಏಳುತ್ತದೆ. ಹಾಲಿನ ಕ್ಯಾನು, ಜೋಳದ ಚೀಲ ಕಟ್ಟಿದ ಸೈಕಲ್ಲಿಗೆ ಕ್ಲೇಮ್ ಸಿಗುವುದು ಕಷ್ಟ. ವಾರಂಟಿ ಕಾರ್ಡಿನಲ್ಲಿ ಎಷ್ಟು ಕೆಜಿ ಅಂತ ಬರೆದಿದ್ದರೆ ಆ ಅಂಕಿಯೇ ಆಧಾರ.

ಇನ್ನು ಸೀಟ್ ಟ್ಯೂಬ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದರೆ ತಪ್ಪು ಕಂಪನಿಯದೋ ಓಡಿಸುವವರದೋ ಅನ್ನೋ ಜಗಳ ಹೆಚ್ಚಾಗಿ ಇಲ್ಲೇ ಆಗೋದು. ಸೀಟ್ ಪೋಸ್ಟಿನ ಮೇಲೆ ಅಡ್ಡಗೆರೆಗಳ ಒಂದು ಗುರುತು ಇರುತ್ತದೆ, ಅದರ ಪಕ್ಕ ಮಿನಿಮಮ್ ಇನ್ಸರ್ಷನ್ ಅಂತ ಕೊರೆದಿರುತ್ತಾರೆ. ಆ ಗೆರೆ ಫ್ರೇಮಿನ ಒಳಗೇ ಇರಬೇಕು. ಎತ್ತರದ ಹುಡುಗರು ಸಣ್ಣ ಅಳತೆಯ ಫ್ರೇಮ್ ಕೊಂಡು ಪೋಸ್ಟನ್ನು ಗೆರೆ ಮೀರಿ ಎಳೆದರೆ ಪೂರ್ತಿ ಮೈಭಾರ ಸೀಟ್ ಟ್ಯೂಬಿನ ಮೇಲ್ತುದಿಯನ್ನು ಹಿಂದಕ್ಕೆ ಮೀಟುತ್ತದೆ. ಪೋಸ್ಟಿನ ಕೆಳತುದಿ ಮೇಲಿನ ಪೈಪಿನ ಬೆಸುಗೆಗಿಂತ ಕೆಳಗೆ ಇಳಿದಿದ್ದರೆ ಒಳ್ಳೆಯದು.

ನಮ್ಮ ಓಣಿಯ ಒಬ್ಬ ಕಾಲೇಜು ಹುಡುಗನ ಸೈಕಲ್ಲಿಗೆ ಆದದ್ದು ಇದೇ ಜಾಗದಲ್ಲಿ. ಸದ್ದು ಬರುತ್ತದೆ ಅಂತ ಬಿಬಿ ಬದಲಾಯಿಸಿದ್ದರು, ಹೋಗಿರಲಿಲ್ಲ. ಎದ್ದು ನಿಂತು ತುಳಿದಾಗ ಸದ್ದು ನಿಂತಿತು. ಸೀಟ್ ಟ್ಯೂಬ್ ಒರೆಸಿ ನೋಡಿದಾಗ ಬೆಸುಗೆಯ ಕೆಳ ಅಂಚಿನಲ್ಲಿ, ಪೈಪಿನ ಹಿಂಬದಿಗೆ ಸುತ್ತಿಕೊಂಡಂತೆ ಬಿರುಕು ಕಂಡಿತು. ಪೋಸ್ಟ್ ತೆಗೆಯುವ ಮುಂಚೆ ಅದು ಫ್ರೇಮಿನೊಳಗೆ ಇಳಿಯುವ ಕಾಲರ್ ಮಟ್ಟದಲ್ಲಿ ಅದಕ್ಕೆ ಟೇಪ್ ಸುತ್ತಿದೆವು. ಆಮೇಲೆ ಹೊರಗೆ ಎಳೆದು ಟೇಪಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದೆವು. ಕಂಪನಿಯ ಗೆರೆ ಟೇಪಿಗಿಂತ ಮೂರು ಬೆರಳು ಕೆಳಗಿತ್ತು, ಅಂದರೆ ಪೋಸ್ಟ್ ಬೇಕಾದಷ್ಟು ಒಳಗಿತ್ತು. ಡೀಲರ್ ಮೊದಲು ಹೇಳಿದ್ದು, "ಲೋಡ್ ಜಾಸ್ತಿ ಆಗ್ಯಾದ್ರಿ ಸರ್, ಕ್ಲೇಮ್ ಬರಂಗಿಲ್ಲ." ಹುಡುಗ ಜಗಳಕ್ಕೆ ಇಳಿಯಲಿಲ್ಲ. "ಅದನ್ನೇ ಒಂದು ಚೀಟಿ ಮೇಲೆ ಬರೆದು ಕೊಡ್ರಿ ಅಣ್ಣಾರ" ಅಂದ. ಬರೆದು ಕೊಡಲಿಲ್ಲ, ಕಂಪನಿಗೆ ಕಳಿಸಿದರು. ಹೊಸ ಫ್ರೇಮ್ ಬಂತು, ಬಣ್ಣ ಮಾತ್ರ ಬೇರೆ. ಆ ಸ್ಕೇಲಿನ ಫೋಟೋ ಇಲ್ಲದಿದ್ದರೆ ಬರುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ವೆಲ್ಡಿಂಗ್ ಯಾಕೆ ಬೇಡ

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲೆ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಜಾಸ್ತಿ ಬೇಕು. ಗೇಟು, ಕಿಟಕಿ ಮಾಡುವ ಅಂಗಡಿಯ ಸಾದಾ ಆರ್ಕ್ ವೆಲ್ಡಿಂಗಿನಲ್ಲಿ ಪೊರೆ ಹೋಗುವ ಮುಂಚೆ ಒಳಗಿನ ತೆಳು ಪೈಪು ತೂತಾಗುತ್ತದೆ. ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ್ ಬಲ್ಲವರು ಸಿಕ್ಕರೂ ಪೂರ್ತಿ ಪರಿಹಾರ ಆಗದು. ಸೈಕಲ್ಲಿಗೆ ಹೆಚ್ಚಾಗಿ ಬಳಸುವ 6061 ಅಲಾಯ್ ಗಟ್ಟಿಯಾಗಿರುವುದು ಬೆಸೆದ ಮೇಲೆ ಕೊಡುವ ಶಾಖ ಸಂಸ್ಕಾರದಿಂದ. ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿರುತ್ತಾರೆ. ನೀವು ಮತ್ತೆ ಬೆಸೆದರೆ ಅದರ ಪಕ್ಕದ ಜಾಗ ಮೆತ್ತಗಾಗುತ್ತದೆ. ಮುಂದಿನ ಬಿರುಕು ಅಲ್ಲೇ.

ವಾರಂಟಿ ಮುಗಿದ ಉಕ್ಕಿನ ಫ್ರೇಮ್ ಆದರೆ ಮಾತು ಬೇರೆ. ಹಿತ್ತಾಳೆ ಕಡ್ಡಿ ಹಾಕಿ ಗ್ಯಾಸಿನಲ್ಲಿ ಚೆನ್ನಾಗಿ ಬೆಸೆಯುವ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅಂಥವರ ಹತ್ತಿರ ಧೈರ್ಯವಾಗಿ ಮಾಡಿಸಿ.

ಕ್ಲೇಮ್ ಕಳಿಸುವಾಗ

ಮೊದಲು ಫ್ರೇಮ್ ನಂಬರ್. ಸೈಕಲ್ ಮಗುಚಿದರೆ ಬಿಬಿ ಗೂಡಿನ ಅಡಿಯಲ್ಲಿ ಕೊರೆದಿರುತ್ತದೆ. ಅಲ್ಲಿ ಇಲ್ಲದಿದ್ದರೆ ಹೆಡ್ ಟ್ಯೂಬ್, ಸೀಟ್ ಟ್ಯೂಬ್, ಡ್ರಾಪ್‌ಔಟ್ ಹತ್ತಿರ ಹುಡುಕಿ. ಬಿಲ್ಲು ಹುಡುಕಿಟ್ಟುಕೊಳ್ಳಿ. ಬಿಲ್ಲು ಕಳೆದಿದ್ದರೆ ಡೀಲರ್ ಹತ್ತಿರ ನಕಲು ಕೇಳಿ, ಕಾರ್ಡ್ ಅಥವಾ ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ದಾಖಲೆ ತೆಗೆಯಿರಿ. ಫ್ರೇಮ್ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ. ಹಿರಿಯ ಆಟಗಾರರಿಂದ ಕೊಂಡ ರೇಸ್ ಸೈಕಲ್ ಆದರೆ ಬಿಲ್ಲಿನಲ್ಲಿ ಹೆಸರು ಇರುವವರ ಮೂಲಕವೇ ಮೊದಲು ವಿಚಾರಿಸಿ. ಕಾರ್ಡಿನಲ್ಲಿ ಸ್ಪರ್ಧೆಯ ಬಳಕೆಗೆ ವಾರಂಟಿ ಇಲ್ಲ ಅಂತ ಬರೆದಿದೆಯಾ ಅನ್ನೋದನ್ನೂ ಓದಿ. ಕೊಳ್ಳುವಾಗಲೇ ಓದಿದರೆ ಇನ್ನೂ ಒಳ್ಳೆಯದು.

ಫೋಟೋಗಳಲ್ಲಿ ಇಡೀ ಸೈಕಲ್ ಚೈನ್ ಕಡೆಯಿಂದ ಕಾಣಲಿ. ಫ್ರೇಮ್ ನಂಬರ್ ಓದುವಂತಿರಲಿ. ಬಿರುಕು ಒಂದು ಸಲ ದೂರದಿಂದ, ಒಂದು ಸಲ ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ. ಏನಾಯಿತು ಅನ್ನೋದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಸದ್ದು ಯಾವಾಗ ಶುರುವಾಯಿತು, ಏನೇನು ಪರೀಕ್ಷೆ ಮಾಡಿದಿರಿ, ಗೆರೆ ಎಲ್ಲಿ ಕಂಡಿತು. ಬೈಯ್ಯೋದು ಬೇಡ, ಬೇಡಿಕೊಳ್ಳೋದೂ ಬೇಡ. ಡೀಲರಿಗೆ ಕೊಟ್ಟ ಅದೇ ಪತ್ರವನ್ನು ಕಂಪನಿಗೂ ಇಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರೋದಿಲ್ಲ. ಫೋನ್ ಮುಗಿದ ಕೂಡಲೇ "ಇವತ್ತು ನೀವು ಹೀಗೆ ಹೇಳಿದಿರಿ" ಅಂತ ಒಂದು ಮೇಲ್ ಹಾಕಿ.

ಖರ್ಚಿನ ಮಾತು ಮುಂಚೆಯೇ ಆಗಲಿ. ಫ್ರೇಮ್ ಪುಕ್ಕಟೆ ಬಂದರೂ ಸಾಗಾಟ, ಬಿಚ್ಚಿ ಜೋಡಿಸುವ ಕೂಲಿ, ಹೊಸ ಕೇಬಲ್ ನಿಮ್ಮ ಮೇಲೆ ಬೀಳಬಹುದು. ಹಳೇ ಮಾದರಿ ನಿಂತುಹೋಗಿದ್ದರೆ ಬೇರೆ ಮಾದರಿಯ ಫ್ರೇಮ್ ಕೊಡುತ್ತಾರೆ. ಆಗ ನಿಮ್ಮ ಸಾಮಾನು ಅದಕ್ಕೆ ಕೂರುತ್ತದಾ ಅಂತ ಕೇಳಿ. ಸೀಟ್ ಪೋಸ್ಟ್ 27.2 ಮಿಮೀ ಇದ್ದದ್ದು 31.6 ಆಗಿರಬಹುದು. ಥ್ರೆಡ್ ಇರುವ ಬಿಬಿ ಹೋಗಿ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಬಂದಿರಬಹುದು. ಹೆಡ್‌ಸೆಟ್, ಹಿಂದಿನ ಆಕ್ಸಲ್ ಅಗಲ ಬದಲಾಗಿರಬಹುದು. ಕೂರದ ಸಾಮಾನಿನ ದುಡ್ಡು ಯಾರು ಕೊಡೋದು ಅನ್ನೋದು ಬರಹದಲ್ಲಿ ಬರಲಿ.

ಇಲ್ಲ ಅಂದರೆ

ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೇಳಿ. ಸಮಾಧಾನ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಪ್ರಕರಣ ಈ ಹಂತದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.

ಇಲ್ಲಿ ನಮ್ಮ ಗಡಿ ಜಿಲ್ಲೆಗಳವರಿಗೆ ಬಹಳ ಬೇಕಾದ ಒಂದು ವಿಷಯ ಇದೆ. ವಿಜಯಪುರದವರು ಸೈಕಲ್ ಕೊಳ್ಳಲು ಸೊಲ್ಲಾಪುರಕ್ಕೆ, ಬೆಳಗಾವಿಯವರು ಕೊಲ್ಲಾಪುರಕ್ಕೆ ಹೋಗುವುದುಂಟು. ಕಂಪನಿಯಂತೂ ಲುಧಿಯಾನದಲ್ಲೋ ಚೆನ್ನೈನಲ್ಲೋ ಇರುತ್ತದೆ. ಅಲ್ಲಿಗೆ ಅಲೆಯಬೇಕಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತ ಇಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಕೊಡಬೇಕು.

ದೋಷ ಇದೆಯೋ ಇಲ್ಲವೋ ಅನ್ನೋದು ಪರೀಕ್ಷೆ ಇಲ್ಲದೆ ಗೊತ್ತಾಗದು ಅನಿಸಿದರೆ ಆಯೋಗ ಫ್ರೇಮನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿಗೆ ಕಾಯ್ದೆ ಕೊಟ್ಟಿರುವ ಅವಧಿ 45 ದಿನ. ಎಮರಿ ಪೇಪರ್ ಹಚ್ಚಬೇಡಿ, ಬಣ್ಣ ಬಳಿಸಬೇಡಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿ. ಮುರಿದ ಮೇಲ್ಮೈಯನ್ನು ಬಲ್ಲವರು ನೋಡಿದರೆ ಬಿರುಕು ನಿಧಾನಕ್ಕೆ ಬೆಳೆದದ್ದೋ, ಒಂದೇ ಏಟಿಗೆ ಆದದ್ದೋ ತಿಳಿಯುತ್ತದೆ. ಉಜ್ಜಿದ ಜಾಗದಲ್ಲಿ ಆ ಸಾಕ್ಷಿ ಉಳಿಯೋದಿಲ್ಲ.

ಹೊಸ ಫ್ರೇಮ್ ಬಂದ ಮೇಲೆ

ಜೋಡಿಸುವ ಮುಂಚೆಯೇ ಅಂಗಡಿಯಲ್ಲಿ ಹೊಸ ಫ್ರೇಮಿನ ಬೆಸುಗೆಗಳನ್ನು ಟಾರ್ಚ್ ಹಾಕಿ ನೋಡಿ. ಸೀಟ್ ಕ್ಲಾಂಪ್, ಹ್ಯಾಂಡಲ್ ಹಿಡಿಯುವ ಸ್ಟೆಮ್ ಮೇಲೆ ಎನ್ಎಂ (ಬಿಗಿತದ ಅಳತೆ) ಅಂತ ಒಂದು ಅಂಕಿ ಬರೆದಿರುತ್ತದೆ. ಅಷ್ಟೇ ಬಿಗಿಸಿ ಅಂತ ಹೇಳಿ, ಬಿಗಿತ ಅಳೆಯುವ ಟಾರ್ಕ್ ಪಾನಾ ಇರುವ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಹಳೇ ಫ್ರೇಮ್ ವಾಪಸ್ ಕೊಡುವುದಿದ್ದರೆ ರಸೀದಿ ತೆಗೆದುಕೊಳ್ಳಿ. ಹೊಸ ನಂಬರನ್ನು ಡೀಲರ್ ಕೈಯಿಂದ ಹಳೇ ಬಿಲ್ಲಿನ ಮೇಲೆ ಬರೆಸಿ ಸೀಲು ಹಾಕಿಸಿ. ಇಲ್ಲದಿದ್ದರೆ ನಿಮ್ಮ ಬಿಲ್ಲು ಒಂದು ಫ್ರೇಮಿನದು, ಸೈಕಲ್ ಇನ್ನೊಂದು ಫ್ರೇಮಿನದು ಆಗುತ್ತದೆ. ಉಳಿದ ಅವಧಿಯ ವಾರಂಟಿ ಹೊಸ ಫ್ರೇಮಿಗೆ ಮುಂದುವರಿಯುತ್ತದೆ ಅನ್ನೋ ಮಾತನ್ನೂ ಅದರಲ್ಲೇ ಬರೆಸಿಕೊಳ್ಳಿ.